ಸಾವಿರಕ್ಕೆ ಇಪ್ಪತ್ನಾಲ್ಕು ಕೊಸರು

ನಮ್ಮ ಬೈಲಹೊಂಗಲದ ಕಡೆ ಹಿಟ್ಟಿನ ಗಿರಣಿಗೆ ಹೋಗುವವರು ಡಬ್ಬಿಯನ್ನು ತಾವೇ ಒಯ್ಯುತ್ತಾರೆ. ಗಿರಣಿಯವನ ಡಬ್ಬಿಯಲ್ಲಿ ತಂದರೆ ಮನೆ ಮುಟ್ಟುವಷ್ಟರಲ್ಲಿ ಹಿಟ್ಟು ಕಡಿಮೆಯಾಗುತ್ತದೆ ಎಂಬ ನಂಬಿಕೆ. ಅದೇ ನಂಬಿಕೆಯ ಮೇಲೆ ನನ್ನ ಸ್ಟುಡಿಯೋಕ್ಕೆ ಬರುವವರು ಪೆನ್‌ಡ್ರೈವನ್ನೂ ತಾವೇ ತರುತ್ತಾರೆ. ‘ಇದರಾಗ ಹಾಕಿ ಕೊಡ್ರಿ, ನಿಮ್ಮದು ಬ್ಯಾಡ’ ಎನ್ನುತ್ತಾರೆ. ನಾನು ಮದುವೆಯ ವಿಡಿಯೋ ತೆಗೆಯುವವನು, ಹೆಸರು ಸದಾಶಿವ. ಇಪ್ಪತ್ತೆರಡು ವರ್ಷಗಳಿಂದ ಈ ತಾಲೂಕಿನವರ ಮದುವೆಗಳನ್ನು ಡಬ್ಬಿಗೆ ತುಂಬಿ ಕೊಡುತ್ತಿದ್ದೇನೆ. ಮೊದಲು ಕ್ಯಾಸೆಟ್ಟಿತ್ತು, ಆಮೇಲೆ ಸಿಡಿ ಬಂತು, ಈಗ ಹೆಬ್ಬೆರಳಿನಷ್ಟು ಪೆನ್‌ಡ್ರೈವ್. ಡಬ್ಬಿ ಸಣ್ಣದಾದಷ್ಟೂ ಮದುವೆ ದೊಡ್ಡದಾಗುತ್ತ ಬಂದಿದೆ.

ಸಂಪಗಾಂವದ ನಿಜಗುಣಪ್ಪನವರು ಮಗಳು ಗಂಗಾಳನ್ನು ರಾಮದುರ್ಗಕ್ಕೆ ಕೊಟ್ಟರು. ನಲವತ್ತು ಎಕರೆಯ ಸಾವಕಾರರು, ಮಾತು ಕಡಿಮೆ, ಮಾತಾಡಿದರೆ ಅದು ಲೆಕ್ಕದ್ದೇ. ಮದುವೆಗೆ ಮುಂಚೆ ಬಂದು ಮೂವತ್ತೆರಡು ಜಿಬಿಯ ಹೊಸ ಪೆನ್‌ಡ್ರೈವನ್ನು ಪ್ಯಾಕೆಟ್ ಸಮೇತ ನನ್ನ ಟೇಬಲ್ಲಿನ ಮೇಲಿಟ್ಟು, “ಮದಿವಿ ಪೂರಾ ಇದರಾಗ ಬರಬೇಕು. ಒಂದೂ ಬಿಡಬ್ಯಾಡ” ಎಂದಿದ್ದರು. ಆಗಲಿ ಎಂದೆ. ಹಾಂ ಅನ್ನುವುದಕ್ಕೆ ಯಾವ ಜಿಬಿಯೂ ಖರ್ಚಾಗುವುದಿಲ್ಲ.

ಮದುವೆ ಎರಡು ದಿನ ನಡೆಯಿತು. ಕೊಯ್ದು ಜೋಡಿಸಿ, ಹಾಡು ಹಾಕಿ ಮುಗಿಸಿದಾಗ ಐದು ತಾಸಿನ ವಿಡಿಯೋ ಆಯಿತು. ತೂಕ ಮೂವತ್ತೊಂದು ಜಿಬಿ. ಒಂದು ಜಿಬಿ ಉಳಿಯಿತಲ್ಲ ಎಂದು ನನ್ನ ಕೈಗುಣದ ಮೇಲೆ ನನಗೇ ಹೆಮ್ಮೆಯಾಯಿತು.

ಮರುದಿನ ನಿಜಗುಣಪ್ಪನವರು ಜೀಪು ನಿಲ್ಲಿಸಿ ಒಳಗೆ ಬಂದರು. ಜೀಪಿನಲ್ಲಿ ರೊಟ್ಟಿ, ಉಂಡೆ, ಶೇಂಗಾ ಹೋಳಿಗೆಯ ಬುತ್ತಿ. ಮಗಳ ಮನೆಗೆ ಮೊದಲ ಬುತ್ತಿ ಒಯ್ಯುವವರು ವಿಡಿಯೋವನ್ನೂ ಅದರ ಜೊತೆಗೇ ಒಯ್ಯಬೇಕೆಂದು ಕೂತರು. ನಾನು ಪೆನ್‌ಡ್ರೈವ್ ಚುಚ್ಚಿದೆ. ಕಂಪ್ಯೂಟರು ನೋಡಿ ಹೇಳಿತು: ಒಟ್ಟು ಜಾಗ ಇಪ್ಪತ್ತೊಂಬತ್ತು ಪಾಯಿಂಟ್ ಎಂಟು ಜಿಬಿ.

“ಸಾವಕಾರ್ರ, ಇದರಾಗ ಮೂವತ್ತೆರಡ ಇಲ್ರಿ” ಎಂದೆ.

“ಪಾಕೀಟಿನ ಮ್ಯಾಲ ಬರದೈತಿ. ಅಚ್ಚ ಹಾಕಿದ್ದ ಸುಳ್ಳ ಆಕ್ಕೈತೇನು? ತುಂಬಸು.”

ನನ್ನ ಹೆಂಡತಿ ರೇಣು ಇದ್ದಿದ್ದರೆ ಏನಾದರೂ ದಾರಿ ಹೇಳುತ್ತಿದ್ದಳು. ಸ್ಟುಡಿಯೋದಲ್ಲಿ ಕ್ಯಾಮೆರಾ ನನ್ನದು, ಬುದ್ಧಿ ಅವಳದು. ಅವತ್ತು ಅವಳು ತವರಿಗೆಂದು ಸವದತ್ತಿಗೆ ಹೋಗಿದ್ದಳು. ಪಕ್ಕದ ಅಂಗಡಿಯಲ್ಲಿ ಅರವತ್ನಾಲ್ಕು ಜಿಬಿಯದು ಸಿಗುತ್ತಿತ್ತು. ನನ್ನ ಕಿಸೆಯಿಂದ ಯಾಕೆ ಎಂದು ತರಲಿಲ್ಲ. ಇದನ್ನು ಮುಚ್ಚಿಟ್ಟು ಕಥೆ ಹೇಳಿದರೆ ನನಗೇ ನಾಚಿಕೆ. ಒಂದು ಪಾಯಿಂಟ್ ಎರಡು ಜಿಬಿ ಹೆಚ್ಚಾಗಿದೆ, ಅಂದರೆ ಹನ್ನೆರಡು ನಿಮಿಷ. ಹನ್ನೆರಡು ನಿಮಿಷ ಕೊಯ್ದರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ.

ಎಂಟು ನಿಮಿಷ ಸುಲಭಕ್ಕೆ ಸಿಕ್ಕಿತು. ಊಟದ ಪಂಕ್ತಿಯಲ್ಲಿ ಮೂರು, ಡಿಜೆಯ ಹೊಗೆಯಲ್ಲಿ ಐದು. ಇನ್ನು ನಾಲ್ಕು ಬೇಕಿತ್ತು. ಆಯೇರಿನ ಭಾಗಕ್ಕೆ ಕೈ ಹಚ್ಚಲು ಹೆದರಿಕೆ. ನೆಂಟರು ಒಬ್ಬೊಬ್ಬರಾಗಿ ವೇದಿಕೆ ಹತ್ತಿ ಬಟ್ಟೆ ಕೊಟ್ಟು ತೆಗೆದುಕೊಳ್ಳುವ ಆ ಕಾರ್ಯದಲ್ಲಿ ಒಬ್ಬರ ಮುಖ ಬಿಟ್ಟುಹೋದರೂ ನಾನು ಊರು ಬಿಡಬೇಕಾಗುತ್ತದೆ. ಆದರೂ ಅಲ್ಲೊಂದು ತುಣುಕು ಕಂಡಿತು. ಜರಿಯಿಲ್ಲದ ಸೀರೆಯ ವಯಸ್ಸಾದ ಹೆಂಗಸೊಬ್ಬಳು ವೇದಿಕೆ ಹತ್ತುತ್ತಾಳೆ. ಮೈಕಿನವನು ಅವಳ ಹೆಸರು ಕೂಗಿಲ್ಲ. ನಿಜಗುಣಪ್ಪನವರ ಮುಂದೆ ನಿಂತು ತಲೆಗೆ ಸುತ್ತುವ ಒಂದು ರುಮಾಲು ಚಾಚುತ್ತಾಳೆ. ಅವರು ಬಹಳ ಹೊತ್ತು ತೆಗೆದುಕೊಳ್ಳುವುದೇ ಇಲ್ಲ. ಇಬ್ಬರೂ ನೆಲ ನೋಡುತ್ತ ನಿಂತಿದ್ದಾರೆ. ಆಮೇಲೆ ತೆಗೆದುಕೊಳ್ಳುತ್ತಾರೆ. ಯಾರೋ ಅವರ ಕೈಗೊಂದು ಇಳಕಲ್ ಸೀರೆ ತುರುಕುತ್ತಾರೆ, ಅವರು ಅದನ್ನು ಅವಳ ಕೈಗಿಡುತ್ತಾರೆ. ನಗುವಿಲ್ಲ, ಅಳುವಿಲ್ಲ, ಹಿಂದೆ ಹಾಡು ಹಾಕಲೂ ಬರುವಂತಿಲ್ಲ. ಸರಿಯಾಗಿ ನಾಲ್ಕು ನಿಮಿಷ. ಏನೂ ನಡೆಯುವುದಿಲ್ಲ ಇದರಲ್ಲಿ ಎಂದು ಕೊಯ್ದೆ. ಪೆನ್‌ಡ್ರೈವ್ ತುಂಬಿತು. ಸಾವಕಾರರು ಅದನ್ನು ಬುತ್ತಿಯ ಮೇಲಿಟ್ಟುಕೊಂಡು ರಾಮದುರ್ಗಕ್ಕೆ ಹೋದರು. ಗಿರಾಕಿ ಹೋದ ಮೇಲೆ ಎಲ್ಲ ಅಳಿಸುವುದು ನನ್ನ ಪದ್ಧತಿ. ಕಂಪ್ಯೂಟರಿನಿಂದ ಅಳಿಸಿದೆ, ಕ್ಯಾಮೆರಾದ ಕಾರ್ಡಿನಿಂದಲೂ ಅಳಿಸಿ ಕಿತ್ತೂರಿನ ಮದುವೆಗೆ ಹೊರಟೆ.

ಮೂರು ವಾರದ ಮೇಲೆ ದೊಡವಾಡದ ಬಸ್ಸಿನಿಂದ ಆ ಹೆಂಗಸು ಇಳಿದು ಬಂದಳು. ಕೈಯಲ್ಲಿ ಬಟ್ಟೆಯ ಚೀಲ. ನಾನು ಅವಳನ್ನು ನೋಡಿದ್ದು ನಾಲ್ಕೇ ನಿಮಿಷ, ಅದೂ ಕೊಯ್ಯುವಾಗ. ಆದರೂ ಬಾಗಿಲಲ್ಲಿ ಕಂಡ ಕೂಡಲೇ ಗುರುತು ಸಿಕ್ಕಿತು.

“ಸದಾಶಿವ ಅನ್ನಾಂವ ನೀನ ಏನು?”

“ಹೌದ್ರಿ ಅಮ್ಮಾರ. ಕುಂದರ್ರಿ.”

“ಕುಂದರಾಕ ಬಂದಿಲ್ಲ. ನನ್ನ ಎಲ್ಲಿ ಒಗದಿ, ಅದನ್ನ ಕೇಳಾಕ ಬಂದೇನಿ.”

ಅಂದರೂ ಕೂತರು. ಹೆಸರು ಗುರುಬಸವ್ವ, ನಿಜಗುಣಪ್ಪನವರ ಒಡಹುಟ್ಟಿದ ಅಕ್ಕ, ದೊಡವಾಡಕ್ಕೆ ಕೊಟ್ಟವರು. ಗಂಗಾ ರಾಮದುರ್ಗದಿಂದ ವಿಡಿಯೋ ಕಳಿಸಿದ್ದಳಂತೆ. ನೀರು ಕೊಟ್ಟ ರೇಣುವಿಗೇ ಎಲ್ಲವನ್ನೂ ಹೇಳಿದರು, ನನ್ನ ಮುಖ ನೋಡಲಿಲ್ಲ.

“ಓಣಿ ಮಂದಿನ್ನೆಲ್ಲಾ ಕರದ ಕುಂಡ್ರಿಸಿದ್ನೆವ್ವಾ. ತಮ್ಮನ ಮನಿ ಮದಿವಿಗೆ ಹೋಗಿದ್ದೆ, ನೋಡ್ರಿ ಅಂತ. ಐದ ತಾಸ ನೋಡಿದ್ವಿ. ಉಂಡಾವ್ರು ಅದಾರ, ಕುಣದಾವ್ರು ಅದಾರ, ಒಂದ ಕರಿ ನಾಯಿ ಎರಡ ಸಲ ಬಂದ ಹೋಗೇತಿ. ನಾ ಇಲ್ಲ. ಕಡೀಕ ಒಬ್ಬಾಕಿ ಕೇಳಿದ್ಲು, ‘ನೀ ಯಾರ ಮದಿವಿಗೆ ಹೋಗಿದ್ದೆವ್ವಾ’ ಅಂತ.”

ರೇಣು ನನ್ನ ಕಡೆ ನೋಡಿದಳು. ನಾನು ಕ್ಯಾಮೆರಾದ ಗಾಜು ಒರೆಸತೊಡಗಿದೆ. ಅದು ಸ್ವಚ್ಛವಾಗಿಯೇ ಇತ್ತು.

ಹನ್ನೊಂದು ವರ್ಷ ಅಕ್ಕ ತಮ್ಮ ಮಾತು ಬಿಟ್ಟಿದ್ದರಂತೆ. ಕಾರಣ ಕೇಳಿದರೆ ಪೇಟೆಯವರು ನಗುತ್ತಾರೆ. ರಾಶಿಯಾದಾಗ ಕಣಕ್ಕೆ ಬಂದ ಮನೆಮಗಳಿಗೆ ಜೋಳ ಅಳೆದು ಕೊಡುವುದು ಆ ಮನೆಯ ರೂಢಿ. ಅವರ ತಂದೆ ಇದ್ದಾಗ ಹದಿನಾರು ಸೇರು, ಒಂದೊಂದು ಸೇರಿನ ಮೇಲೂ ಕಾಳು ಗೋಪುರವಾಗಿ ನಿಂತು ಸುತ್ತ ಉದುರುವಂಥ ತುಂಬು ಸೇರು. ಎಲ್ಲ ಮುಗಿದ ಮೇಲೆ ಬೊಗಸೆ ತುಂಬ ಕೊಸರು. ತಂದೆ ತೀರಿದ ವರ್ಷ ನಿಜಗುಣಪ್ಪ ಅಳೆದರು. ಹದಿನಾರೇ ಅಳೆದರು. ಆದರೆ ಒಂದೊಂದು ಸಲವೂ ಅಂಗೈಯಿಂದ ಮೇಲಿನ ಕಾಳು ಸವರಿ, ಬೋಳು ಸೇರು ಮಾಡಿ ಸುರಿದರು. ಕೊಸರು ಹಾಕಲಿಲ್ಲ.

“ಮುತ್ತೈದಿ ಉಡಿಗೆ ಬೋಳ ಸೇರ ಅಳದಾನ” ಎಂದರು ಗುರುಬಸವ್ವ. “ಕಾಳ ಯಾಂವಗ ಬೇಕಾಗಿತ್ತು? ನನ್ನ ಮನ್ಯಾಗ ಜ್ವಾಳ ಇಲ್ಲೇನು? ಅಲ್ಲೇ ಸುರುವಿ ಎದ್ದ ಬಂದೆ. ಈ ಮದಿವಿಗೆ ಕರಿಯಾಕ ತಾನ ಬರಲಿಲ್ಲ, ಮಂದಿ ಕೈಯಾಗ ಪತ್ರಿಕಿ ಕೊಟ್ಟ ಕಳಿಸಿದ. ಹುಡುಗಿ ಮಾರಿ ನೋಡಿ ಹೋದೆ. ರುಮಾಲ ಕೊಟ್ಟೆ, ಸೀರಿ ಕೊಟ್ಟ. ಆತು, ಮುಗೀತು ಅಂತ ತಿಳದ್ನಿ. ಈಗ ನೋಡಿದ್ರ ಬೀಗರಿಗೆ ಕಾಣಬಾರದಂತ ನನ್ನ ತಗಿಸ್ಯಾನ.”

ಚೀಲದಿಂದ ಇಳಕಲ್ ಸೀರೆ ತೆಗೆದು ನನ್ನ ಟೇಬಲ್ಲಿನ ಮೇಲಿಟ್ಟರು. ಮಡಿಕೆ ಮುರಿದಿರಲಿಲ್ಲ.

“ಇದನ್ನ ಅವಗ ಮುಟ್ಟಸು. ಇನ್ನ ತವರ ಹೊಸ್ತಿಲಾ ತುಳಿಯಂಗಿಲ್ಲ ಅಂತ ಹೇಳು.”

ಎರಡು ಮನೆತನಗಳ ಹನ್ನೊಂದು ವರ್ಷ ನನ್ನ ಟೇಬಲ್ಲಿನ ಮೇಲೆ ಬಂದು ಕೂತಿತ್ತು. ಇಂಥ ಹೊತ್ತಿನಲ್ಲಿ ದೊಡ್ಡ ಮನುಷ್ಯರು ತಪ್ಪು ಒಪ್ಪಿಕೊಳ್ಳುತ್ತಾರೆ. ನಾನು ಕಂಪನಿಯ ಮೇಲೆ ಹಾಕಿದೆ.

“ಕಂಪನಿಯಾವ್ರ ಕಳ್ಳರದಾರ್ರಿ ಅಮ್ಮಾರ. ಮೂವತ್ತೆರಡ ಜಿಬಿ ಅಂತ ಬರೀತಾರ, ಒಳಗ ನೋಡಿದ್ರ ಇಪ್ಪತ್ತೊಂಬತ್ತು ಚಿಲ್ಲರ. ಜಾಗ ಸಾಲಲಿಲ್ಲ, ತಾನ ಕಟ್ ಆತು.”

“ಕಂಪನಿ ಕಳ್ಳತನ ಮಾಡಿಲ್ಲ” ಎಂದಳು ರೇಣು. ಗಂಡನ ಸುಳ್ಳಿಗೆ ಹೆಂಡತಿ ಗೋಡೆಯಾಗಬೇಕು ಎನ್ನುತ್ತಾರೆ. ನನ್ನವಳು ಕಿಟಕಿ. ಗುರುಬಸವ್ವನ ಎದುರು ಕೂತು, ನನಗೆ ಒಮ್ಮೆಯೂ ತಿಳಿಹೇಳದಿದ್ದುದನ್ನು ಅವರಿಗೆ ತಿಳಿಹೇಳಿದಳು.

“ನೋಡ್ರಿ ಯವ್ವಾ, ಇದರಾಗೂ ಚಟಾಕು, ಪಾವು, ಸೇರು ಇದ್ದಂಗ ಅಳತಿ ಅದಾವು. ಎಲ್ಲಾಕ್ಕಿಂತ ಸಣ್ಣ ಕಾಳಿಗೆ ಬೈಟು ಅಂತಾರ. ಸಾವಿರ ಬೈಟಿಗೆ ಒಂದ ಕೆಬಿ, ಸಾವಿರ ಕೆಬಿಗೆ ಒಂದ ಎಂಬಿ, ಸಾವಿರ ಎಂಬಿಗೆ ಒಂದ ಜಿಬಿ. ಇದು ಕಂಪನಿ ಲೆಕ್ಕ. ಆದ್ರ ನಮ್ಮ ಈ ಕಂಪ್ಯೂಟರ್ ಸಾವಿರಕ್ಕ ನಿಂದ್ರೂದಿಲ್ಲ. ಸಾವಿರದ ಇಪ್ಪತ್ನಾಕ ಆದ ಮ್ಯಾಲ ಒಂದು ಅಂತೈತಿ.”

ಗುರುಬಸವ್ವನ ಬಲಗೈ ಅಂಗೈ ತನ್ನಷ್ಟಕ್ಕೆ ಗಾಳಿಯಲ್ಲಿ ಏನನ್ನೋ ಸವರಿತು.

“ಸಾವಿರಕ್ಕ ಇಪ್ಪತ್ನಾಕ ಕೊಸರು?”

“ಹೂಂನ್ರಿ.”

“ಕೆಬಿಗೂ ಕೊಸರು, ಎಂಬಿಗೂ ಕೊಸರು, ಜಿಬಿಗೂ ಕೊಸರು?”

“ಮೂರ ಸಲ ಅಳಿಯೂದಕ್ಕ ಮೂರ ಸಲಾನೂ ರಿ.”

“ಅಂದ್ರ ಕಂಪನಿ ಬೋಳ ಸೇರಲೇ ಅಳದ ಕೊಡ್ತೈತಿ, ಈ ಪೆಟ್ಟಿಗಿ ತುಂಬ ಸೇರಲೇ ಅಳದ ತಗೊಂತೈತಿ.”

ಇಪ್ಪತ್ತೆರಡು ವರ್ಷ ಈ ಧಂದೆ ಮಾಡಿಯೂ ನನಗೆ ಹೊಳೆಯದಿದ್ದದ್ದು ಅವರಿಗೆ ಎರಡು ನಿಮಿಷದಲ್ಲಿ ಹೊಳೆಯಿತು. ಕಂಪ್ಯೂಟರಿನ ಕಡೆ ಮೊದಲ ಸಲ ಪ್ರೀತಿಯಿಂದ ನೋಡಿದರು. “ಮಾನವಂತ ಪೆಟ್ಟಿಗಿ” ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

“ಯಪ್ಪಾ, ಜಾಗ ಕಡಿಮಿ ಬಿತ್ತು, ಖರೆ. ಆದ್ರ ಯಾರನ್ನ ತಗೀಬೇಕು, ಯಾರನ್ನ ಇಡಬೇಕು ಅಂತ ಪೆಟ್ಟಿಗಿ ಹೇಳ್ತೇನು? ನಾ ಎಷ್ಟ ಇದ್ದೆ ಅದರಾಗ?”

“ನಾಕ ನಿಮಿಷ್ರಿ. ನಾಕನೂರ ಎಂಬಿ.”

“ಡಿಜೆ?”

“ಎರಡ ಜಿಬಿ.”

“ಆ ಕರಿ ನಾಯಿ?”

ರೇಣು ಕೆಮ್ಮಿದಳು. ಮದುವೆಯಾದವರಿಗೆ ಅಂಥ ಕೆಮ್ಮಿನ ಅರ್ಥ ಗೊತ್ತಿರುತ್ತದೆ.

“ನಿಮ್ಮ ತಮ್ಮಾರ ಹೇಳಿಲ್ರಿ ಅಮ್ಮಾರ” ಎಂದೆ. “ನಾನ ತಗದೆ. ಅವರಿಗೆ ಗೊತ್ತೂ ಇಲ್ಲ.”

“ಯಾಕ ತಗದಿ?”

“ಏನೂ... ನಡದಿರಲಿಲ್ರಿ ಅದರಾಗ.”

ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ. ಅವರು ಮೆಲ್ಲಗೆ ಹೇಳಿದರು. “ಹನ್ನೊಂದ ವರ್ಷಾದ ಮ್ಯಾಲ ಅವನ ಮುಂದ ಹೋಗಿ ನಿಂತಿದ್ದೆ. ನಿನಗ ಏನೂ ನಡದಂಗ ಕಾಣಲಿಲ್ಲ?”

ನನಗೆ ನಿಜವಾಗಿಯೂ ಅಳು ಬಂತು. ನಾಚಿಕೆಯ ಅಳು. ಸಾವಿರಾರು ಮುಖ ತೆಗೆದವನು ನಾನು, ಕಣ್ಣು ಇರುವುದು ಗಾಜಿಗೆ ಮಾತ್ರ ಎಂದು ಅವತ್ತು ತಿಳಿಯಿತು.

“ಇರಲಿ. ತಗದದ್ದು ಕೊಡು” ಎಂದರು.

“ಅಳಿಸೇನ್ರಿ.”

“ಒರಿಸಿ ಒಗದೀ?”

“ಹೂಂನ್ರಿ.”

ಅವರು ಸೀರೆಯನ್ನು ಚೀಲಕ್ಕೆ ಹಾಕಿಕೊಳ್ಳಲೂ ಇಲ್ಲ, ಎದ್ದು ಹೋಗಲೂ ಇಲ್ಲ. ತಮ್ಮ ತಗಿಸಿಲ್ಲ ಎಂಬ ಸಮಾಧಾನ ಒಂದು ಕಡೆ, ತಾನು ನಿಂತದ್ದಕ್ಕೆ ಸಾಕ್ಷಿಯೇ ಇಲ್ಲ ಎಂಬ ಸಂಕಟ ಇನ್ನೊಂದು ಕಡೆ. ದೊಡವಾಡದ ಓಣಿ ಅವರನ್ನು ನಂಬಬೇಕಲ್ಲ. ರೇಣು ನನ್ನ ಮೊಬೈಲ್ ತೆಗೆದುಕೊಂಡು ನಿಜಗುಣಪ್ಪನವರಿಗೆ ಫೋನು ಮಾಡಿದಳು. “ವಿಡಿಯೋದಾಗ ಒಂದ ತಪ್ಪಾಗೇತ್ರಿ, ಲಗೂನ ಬರ್ರಿ” ಎಂದಳು, ಅಷ್ಟೇ.

ಅರ್ಧ ತಾಸಿನಲ್ಲಿ ಜೀಪು ಬಂತು. ಸಾವಕಾರರು ಒಳಗೆ ಕಾಲಿಟ್ಟವರು ಅಕ್ಕನನ್ನು ನೋಡಿದರು, ಟೇಬಲ್ಲಿನ ಮೇಲಿನ ಸೀರೆಯನ್ನು ನೋಡಿದರು, ಮಾತಾಡಿದ್ದು ಮಾತ್ರ ನನ್ನ ಜೊತೆ.

“ವಿಡಿಯೋದಾಗ ಈಕಿ ಇಲ್ದಾಗಲೇ ಗೊತ್ತಾತು, ಈಕಿ ಹೇಳೇ ತಗಿಸ್ಯಾಳ ಅಂತ. ತವರಿಗೆ ಹೋಗಿದ್ದು ದೊಡವಾಡದಾಗ ಗೊತ್ತಾಗಬಾರದು ನೋಡು, ಅದಕ್ಕ.”

“ನಾ ತಗಿಸೇನಿ?” ಗುರುಬಸವ್ವ ಎದ್ದು ನಿಂತರು. “ನನ್ನ ನಾನ ತಗಿಸೇನಿ?”

ಮೂರು ವಾರಗಳಿಂದ ಇವರು ಅವರ ಮೇಲೆ, ಅವರು ಇವರ ಮೇಲೆ ಒಂದೇ ಅಪವಾದ ಹೊರಿಸಿಕೊಂಡು ಕೂತಿದ್ದರು. ತಪ್ಪು ಮಾಡಿದವನು ಮಾತ್ರ ಕಿತ್ತೂರಿನಲ್ಲಿ ಹೋಳಿಗೆ ಉಂಡು ಬಂದಿದ್ದ. ರೇಣು ನನ್ನ ಹೆಸರು ಹೇಳಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಸಾವಕಾರರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಒಂದೂ ಬಿಡಬ್ಯಾಡ ಅಂದಿದ್ದೆ” ಎಂದರು. ಅದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು.

“ಅವನೇನ್ ಮಾಡ್ಯಾನು” ಎಂದರು ಗುರುಬಸವ್ವ. “ಕಂಪನಿಯಾವ್ರು ನಿನ್ನ ಕಡೆ ಅಳಿಯೂದ ಕಲತಾರ. ಬೋಳ ಸೇರಲೇ ಅಳದಾರ.”

“ಅಕ್ಕಾ, ಹದಿನಾರ ಅಂದ್ರ ಹದಿನಾರ ಕೊಟ್ಟಿದ್ದೆ. ಎಲ್ಲಾರೂ ಸೇರ ಬಿಟ್ಟ ಕಿಲೋ ತೂಕಕ್ಕ ಬಂದಿದ್ರು, ಲೆಕ್ಕ ಚೊಕ್ಕ ಇರಲಿ ಅಂತ ಸವರಿದ್ನಿ. ಒಂದ ಸೇರರ ಕಡಿಮಿ ಇತ್ತೇನು?”

“ಲೆಕ್ಕ ನಾ ಕೇಳಿದ್ನೇನೋ? ಲೆಕ್ಕ ಕೊಟ್ಟಿ, ಕೊಸರ ಇಟಗೊಂಡಿ.”

ಸಾವಕಾರರು ಟೇಬಲ್ಲಿನ ಮೇಲಿನ ಸೀರೆಯನ್ನು ಎತ್ತಿ ತಾವೇ ಅಕ್ಕನ ಚೀಲಕ್ಕೆ ಹಾಕಿದರು. “ಸೋಮವಾರ ಮನಿಗೆ ಬಾ” ಎಂದರು. ನನ್ನ ಕಡೆ ನೋಡದೆ, “ನೀನೂ ಬಾ. ಕ್ಯಾಮೆರಾ ತಗೊಂಡು” ಎಂದರು.

ಸೋಮವಾರ ಸಂಪಗಾಂವಕ್ಕೆ ನಾನೂ ರೇಣುವೂ ಹೋದೆವು. ಪಡಸಾಲೆಯಲ್ಲಿ ಕಂಬಳಿ ಹಾಸಿ, ಒಂದು ಚೀಲ ಬಿಳಿಜೋಳ ಸುರಿದಿದ್ದರು. ಪಕ್ಕದಲ್ಲಿ ತಂದೆಯ ಕಾಲದ ಹಿತ್ತಾಳೆ ಸೇರು, ಹುಣಸೆಹಣ್ಣು ಹಚ್ಚಿ ಬೆಳಗಿದ್ದು. ಗುರುಬಸವ್ವ ಅದೇ ಇಳಕಲ್ ಸೀರೆ ಉಟ್ಟು ಸೆರಗು ಒಡ್ಡಿ ನಿಂತರು. ಮನೆಯವರು ಕುಂಕುಮ ಹಚ್ಚಿ, ಉಡಿಯಲ್ಲಿ ಕೊಬ್ಬರಿ ಬಟ್ಟಲು ಇಟ್ಟರು. ನಾನು ಕ್ಯಾಮೆರಾ ಹಿಡಿದು, ಜೀವನದಲ್ಲಿ ಮೊದಲ ಸಲ ನೋಡುತ್ತಿರುವವನಂತೆ ನೋಡಿದೆ.

ಸಾವಕಾರರು ಮೊದಲ ಸೇರು ತುಂಬಿದರು. ಅಳೆಯುವಾಗ ಒಂದು ಎನ್ನುವಂತಿಲ್ಲ, ಲಾಭ ಎನ್ನಬೇಕು. “ಲಾಭ” ಎಂದರು. ಅಷ್ಟರಲ್ಲಿ ರೂಢಿಯ ಮೇಲೆ ಅವರ ಅಂಗೈ ಸೇರಿನ ಬಾಯಿಗೆ ಹೋಯಿತು. ಅಲ್ಲೇ ನಿಂತಿತು. ಆ ಕೈ ಹಿಂದೆ ಬಂದು ರಾಶಿಗೆ ಇಳಿದು, ಇನ್ನೊಂದು ಹಿಡಿ ಕಾಳು ತಂದು ಸೇರಿನ ಮೇಲೆ ಏರಿಸಿತು. ಕಾಳು ಸುತ್ತಲೂ ಉದುರಿತು. “ಎರಡು, ಮೂರು, ನಾಕು, ಐದು.” ಹದಿನಾರು ಕಣದ ಲೆಕ್ಕ, ಮನೆಯಲ್ಲಿ ಉಡಿ ತುಂಬುವಾಗ ಐದೇ. ಕೊನೆಗೆ ಎರಡೂ ಕೈಯ ಬೊಗಸೆ ತುಂಬ ಕೊಸರು.

“ಬಂತಲ್ಲೋ ಎಲ್ಲಾ?” ಎಂದರು ಗುರುಬಸವ್ವ.

ಕ್ಯಾಮೆರಾ ನೋಡಿದೆ. ಲಾಭ ಎಂಬಲ್ಲಿಗೆ ನಿಂತುಹೋಗಿತ್ತು. ಕಾರ್ಡ್ ಭರ್ತಿ. ಗುರುಬಸವ್ವ ಸ್ಟುಡಿಯೋಕ್ಕೆ ಬಂದ ದಿನದಿಂದ ನನಗೆ ಏನನ್ನೂ ಅಳಿಸಲು ಧೈರ್ಯವಿರಲಿಲ್ಲ. ಕಿತ್ತೂರಿನ ಮದುವೆ ಇಡಿಯಾಗಿ, ಅದರ ಡಿಜೆ ಹೊಗೆ ಸಮೇತ, ಹಾಗೇ ಕಾರ್ಡಿನಲ್ಲಿ ಕೂತಿತ್ತು.

“ಕಾರ್ಡ್ ತುಂಬೇತ್ರಿ ಅಮ್ಮಾರ” ಎಂದೆ.

ಸಾವಕಾರರ ಮುಖ ಕೆಂಪಾಯಿತು. ಗುರುಬಸವ್ವ ಮಾತ್ರ ತಮ್ಮನ ಕಡೆ ನೋಡಿ ಗಂಭೀರವಾಗಿ ಹೇಳಿದರು.

“ಹಂಗಾರ ಮತ್ತ ಮೊದಲಿಂದ ಅಳಿ, ತಮ್ಮಾ.”

“ಉಡ್ಯಾಗಿಂದು ತಿರಗಿ ಸುರುವು ಮತ್ತ.”

“ಉಡ್ಯಾಗ ಬಿದ್ದದ್ದು ತಿರಗಿ ರಾಶಿಗೆ ಹಾಕ್ತಾರೇನೋ? ಇದು ಇರಲಿ. ಬ್ಯಾರೆ ಅಳಿ.”

ಹನ್ನೊಂದು ವರ್ಷದ ಬಾಕಿಯನ್ನು ಆ ಹೆಣ್ಣುಮಗಳು ನನ್ನ ತಪ್ಪಿನ ಮೇಲೆ ವಸೂಲು ಮಾಡಿಕೊಂಡ ರೀತಿ ಅದು. ಉಡಿಯ ಕಾಳನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿಸಿ, ಸೆರಗನ್ನು ಮತ್ತೆ ಒಡ್ಡಿ ನಿಂತರು. ರೇಣು ತನ್ನ ಮೊಬೈಲ್ ನನ್ನ ಕೈಗಿಟ್ಟಳು. ಸಾವಕಾರರು ಮತ್ತೆ “ಲಾಭ” ಎಂದರು. “ಯಾರಿಗೋ?” ಎಂದರು ಅಕ್ಕ. ಸಾವಕಾರರಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಅಳೆದರು, ಕೈ ಅಲುಗಿ ಸೇರಿನ ಗೋಪುರ ಇನ್ನಷ್ಟು ಉದುರಿತು.

ಆ ತುಣುಕು ದೊಡವಾಡಕ್ಕೂ ಹೋಯಿತು, ಅರವತ್ನಾಲ್ಕು ಜಿಬಿಯ ಪೆನ್‌ಡ್ರೈವಿನಲ್ಲಿ ರಾಮದುರ್ಗಕ್ಕೂ ಹೋಯಿತು. ಪೆನ್‌ಡ್ರೈವ್ ನನ್ನ ಕಿಸೆಯಿಂದ. ತುಣುಕಿನ ಅಳತೆ ನಾಲ್ಕುನೂರ ಹತ್ತು ಎಂಬಿ, ನಾನು ಕೊಯ್ದದ್ದಕ್ಕಿಂತ ಹತ್ತು ಹೆಚ್ಚು. ಆ ಕೊನೆಯ ಹತ್ತು ಎಂಬಿಯಲ್ಲಿ ಅಳೆಯುವುದು ಮುಗಿದಿದೆ, ನಗುವುದೂ ಮುಗಿದಿದೆ. ಅಕ್ಕ ತಮ್ಮ ಇಬ್ಬರೂ ನೆಲ ನೋಡುತ್ತ ಸುಮ್ಮನೆ ನಿಂತಿದ್ದಾರೆ. ಏನೂ ನಡೆಯುವುದಿಲ್ಲ. ಅದನ್ನು ನಾನು ಕೊಯ್ದಿಲ್ಲ.